ಟಿವಿ ‘ಡೆಡ್’ ಆಗಿದೆಯೇ? ಫ್ಯೂಸ್ ಬದಲಿಸುವ ಮೊದಲು ಇಷ್ಟು ನೋಡಿ

ಮುಂಬೈಯಲ್ಲಿ ಮಳೆ ಹಿಡಿದುಕೊಂಡರೆ ರಿಪೇರಿ ಅಂಗಡಿಗಳಲ್ಲಿ ಡೆಡ್ ಸೆಟ್‌ಗಳು ಸಾಲುಗಟ್ಟುತ್ತವೆ. ಕಡಲ ಗಾಳಿಯ ಉಪ್ಪು, ತೇವ, ವರ್ಷಗಟ್ಟಲೆ ಕೂತ ದೂಳು ಮೂರೂ ಸೇರಿದರೆ ಬೋರ್ಡಿನ ಮೇಲೆ ಹರಿಯಬಾರದ ಕಡೆಯೂ ಕರೆಂಟು ಹರಿಯುತ್ತದೆ. ಮಾಟುಂಗಾದಿಂದ ಡೊಂಬಿವಲಿವರೆಗೆ ಈ ಕೆಲಸ ಕಲಿಯುತ್ತಿರುವ ನಮ್ಮ ಹುಡುಗ ಹುಡುಗಿಯರಿಗೆ, ಕೆಂಪು ದೀಪವೂ ಹೊತ್ತದ ಎಲ್‌ಇಡಿ ಟಿವಿಯ ಪವರ್ ಬೋರ್ಡ್ ಪರೀಕ್ಷಿಸುವ ಕ್ರಮ ಇಲ್ಲಿದೆ.

ಸ್ಕ್ರೂ ಬಿಚ್ಚುವ ಮೊದಲು ಮನೆಯವರನ್ನು ಕೇಳಿ: ‘ಅಮ್ಮಾ, ಸಿಡಿಲು ಹೊಡೆದಾಗ ಹೋಯಿತಾ? ಗೋಡೆ ಒಸರುತ್ತಿತ್ತಾ? ಕೆಲವು ದಿನಗಳಿಂದ ಆನ್ ಆಗಲು ತಡ ಮಾಡುತ್ತಿತ್ತಾ?’ ತಡ ಮಾಡುತ್ತಿತ್ತು ಎಂದರೆ ಕೆಪಾಸಿಟರ್ (ಚಾರ್ಜ್ ಹಿಡಿದಿಡುವ ಡಬ್ಬಿಯಂಥ ಪಾರ್ಟ್) ಮೇಲೆ ಅನುಮಾನ ಇಡಿ.

ಪ್ಲಗ್ ಕಿತ್ತ ಮೇಲೂ ದೊಡ್ಡ ಕೆಪಾಸಿಟರಿನಲ್ಲಿ 300 ವೋಲ್ಟಿಗೂ ಹೆಚ್ಚು ಉಳಿದಿರಬಹುದು. ಬೋರ್ಡ್ ಕೆಲಸವನ್ನೇ ಮಾಡದಿದ್ದಾಗ ಅಪಾಯ ಇನ್ನೂ ಹೆಚ್ಚು, ಏಕೆಂದರೆ ಆ ಚಾರ್ಜನ್ನು ಖರ್ಚು ಮಾಡುವವರು ಯಾರೂ ಇರುವುದಿಲ್ಲ. 10 ಕಿಲೋ ಓಮ್, 10 ವಾಟ್ ರೆಸಿಸ್ಟರಿಗೆ ಇನ್ಸುಲೇಶನ್ ಇರುವ ವೈರ್ ಜೋಡಿಸಿ, ಕೆಪಾಸಿಟರಿನ ಎರಡು ಕಾಲುಗಳಿಗೆ ಕೆಲವು ಸೆಕೆಂಡ್ ಹಿಡಿದು, ಮಲ್ಟಿಮೀಟರಿನಲ್ಲಿ ಸೊನ್ನೆ ವೋಲ್ಟ್ ನೋಡಿಕೊಳ್ಳಿ. ಸ್ಕ್ರೂಡ್ರೈವರಿನಿಂದ ಶಾರ್ಟ್ ಮಾಡುವ ಅಭ್ಯಾಸ ಬೇಡವೇ ಬೇಡ.

ಈಗ ಗಾಜಿನ ಫ್ಯೂಸನ್ನು ಬೆಳಕಿಗೆ ಹಿಡಿಯಿರಿ. ಒಳಗಿನ ತಂತಿ ನಡುವೆ ಮಾತ್ರ ಕಡಿದು ಗಾಜು ತಿಳಿಯಾಗಿದ್ದರೆ ಹೆಚ್ಚಾಗಿ ಓವರ್‌ಲೋಡ್. ಗಾಜಿನ ಒಳಮೈಗೆ ಕಪ್ಪು, ಬೆಳ್ಳಿ ಬಣ್ಣ ಬಳಿದಂತಿದ್ದರೆ ಮುಂದೆ ಎಲ್ಲೋ ನೇರ ಶಾರ್ಟ್ ಇದೆ. ಅಂಥದ್ದರಲ್ಲಿ ಹೊಸ ಫ್ಯೂಸ್ ಹಾಕಿ ಆನ್ ಮಾಡಿದರೆ ಅದೂ ಹೋಗುತ್ತದೆ, ಚೆನ್ನಾಗಿದ್ದ ಇನ್ನೆರಡು ಪಾರ್ಟುಗಳೂ ಹೋಗಬಹುದು.

ಕರೆಂಟ್ ಕೊಡದೆಯೇ ಶಾರ್ಟ್ ಹುಡುಕಿ. ಮೀಟರನ್ನು ಡಯೋಡ್ ಮೋಡಿಗಿಟ್ಟರೆ ಬ್ರಿಡ್ಜಿನ (ಎಸಿ ಕರೆಂಟನ್ನು ಡಿಸಿ ಮಾಡುವ ನಾಲ್ಕು ಡಯೋಡುಗಳ ಜೋಡಣೆ) ಪ್ರತಿ ಡಯೋಡ್ ಒಂದು ದಿಕ್ಕಿನಲ್ಲಿ ಸುಮಾರು 0.5 ವೋಲ್ಟ್ ತೋರಿಸಬೇಕು, ಎದುರು ದಿಕ್ಕಿನಲ್ಲಿ ಶಾರ್ಟ್ ತೋರಿಸಬಾರದು. ಬಳಿಕ ಹೀಟ್‌ಸಿಂಕಿಗೆ (ಬಿಸಿ ಇಳಿಸುವ ಲೋಹದ ತುಂಡು) ಹೊಂದಿಸಿದ ಮಾಸ್‌ಫೆಟ್, ಅಂದರೆ ಕರೆಂಟನ್ನು ವೇಗವಾಗಿ ಆನ್ ಆಫ್ ಮಾಡುವ ಪಾರ್ಟ್. ಅದರ ಮೂರು ಕಾಲುಗಳು ಗೇಟ್, ಡ್ರೈನ್, ಸೋರ್ಸ್. ಡ್ರೈನ್, ಸೋರ್ಸ್ ನಡುವೆ ಮೀಟರಿನ ಬಜರ್ ಹೊಡೆದರೆ ಅದು ಹೋಗಿದೆ. ಆದರೆ ಮಾಸ್‌ಫೆಟ್ ಒಂದನ್ನೇ ಬದಲಿಸಿ ಕೈ ತೊಳೆದುಕೊಳ್ಳಬೇಡಿ. ಅದು ಶಾರ್ಟ್ ಆಗುವಾಗ ಗೇಟ್ ರೆಸಿಸ್ಟರ್, ಸೋರ್ಸಿನ ಬುಡದಲ್ಲಿರುವ ಒಂದು ಓಮಿಗೂ ಕಡಿಮೆಯ, ಕರೆಂಟ್ ಅಳೆಯುವ ಸೆನ್ಸ್ ರೆಸಿಸ್ಟರ್, ಮಾಸ್‌ಫೆಟ್ಟನ್ನು ನಡೆಸುವ ಐಸಿ ಇವನ್ನೂ ಸುಟ್ಟಿರಬಹುದು. ರಿಪೇರಿ ಆದ ಸೆಟ್ ಬೇಗನೆ ಮರಳಿ ಬರುವುದಕ್ಕೆ ಇದೂ ಒಂದು ಕಾರಣ.

ಉಬ್ಬಿದ ಕೆಪಾಸಿಟರ್ ಕಣ್ಣಿಗೇ ಕಾಣುತ್ತದೆ. 1000 ಮೈಕ್ರೋಫ್ಯಾರಡ್, 16 ವೋಲ್ಟಿನದ್ದಕ್ಕೆ ಅಷ್ಟೇ ಮೈಕ್ರೋಫ್ಯಾರಡಿನ, 16 ಅಥವಾ 25 ವೋಲ್ಟಿನ, 105 ಡಿಗ್ರಿ ಎಂದು ಬರೆದದ್ದನ್ನೇ ಹಾಕಿ. ಎಲೆಕ್ಟ್ರಾನಿಕ್ ಪಾರ್ಟುಗಳ ಅಂಗಡಿಗಳಿರುವ ಲ್ಯಾಮಿಂಗ್ಟನ್ ರೋಡಿಗೆ ಹೋಗುವಾಗ ಹಳೆಯ ಪಾರ್ಟ್ ಜೇಬಿನಲ್ಲಿರಲಿ. ಕೊಡುವ ಮಾಸ್‌ಫೆಟ್ಟಿನ ಕಾಲಿನಲ್ಲಿ ಸೋಲ್ಡರ್ ಅಂಟಿದ ಗುರುತಿದ್ದರೆ ಅದು ಬೋರ್ಡಿನಿಂದ ಕಿತ್ತದ್ದು, ಬೇಡ ಎನ್ನಿ.

ಪಾರ್ಟುಗಳ ಕೆಳಗಿನ ಹಳದಿ ಗೋಂದು ಕಂದು ಬಣ್ಣಕ್ಕೆ ತಿರುಗಿದ್ದರೆ ಕೆರೆದು ತೆಗೆಯಿರಿ, ಅದೂ ಕರೆಂಟ್ ಹಾಯಿಸುತ್ತದೆ. ತಾಮ್ರ ಹಸಿರುಗಟ್ಟಿದ ಕಡೆ ಐಸೋಪ್ರೊಪೈಲ್ ಆಲ್ಕೋಹಾಲ್ ಹಾಕಿ ಬ್ರಷ್ಷಿನಿಂದ ಉಜ್ಜಿ, ಪೂರ್ತಿ ಒಣಗಿಸಿ.

ಫ್ಯೂಸ್ ಮೇಲೆ ಟಿ3.15ಎ ಎಂದಿದ್ದರೆ ಅದನ್ನೇ ಹಾಕಿ. ‘ಟಿ’ ಎಂದರೆ ನಿಧಾನವಾಗಿ ಕಡಿಯುವಂಥದ್ದು. ಮೊದಲ ಸಲದ ಕರೆಂಟ್ ಸೀರೀಸ್ ಬೋರ್ಡಿನ (ಟಿವಿಗೆ ಹೋಗುವ ಕರೆಂಟಿನ ದಾರಿಯಲ್ಲೇ ಬಲ್ಬ್ ಸೇರಿಸಿದ ಬೋರ್ಡ್) 100 ವಾಟಿನ ತಂತಿಯ ಹಳೆ ಬಗೆಯ ಬಲ್ಬಿನ ಮೂಲಕವೇ ಹೋಗಲಿ. ಬಲ್ಬ್ ಒಮ್ಮೆ ಮಿಂಚಿ ಮಂಕಾದರೆ ಸರಿ, ಪೂರ್ತಿ ಉರಿಯುತ್ತಲೇ ಇದ್ದರೆ ಶಾರ್ಟ್ ಇನ್ನೂ ಇದೆ, ತಕ್ಷಣ ಆಫ್ ಮಾಡಿ. ದೊಡ್ಡ ಕೆಪಾಸಿಟರಿನ ವೋಲ್ಟೇಜ್ ಅಳೆಯುವಾಗ ಕಪ್ಪು ಪ್ರೋಬ್ ಅದರದ್ದೇ ನೆಗೆಟಿವ್ ಕಾಲಿನಲ್ಲಿರಬೇಕು. ಟಿವಿಯ ಲೋಹದ ಚೌಕಟ್ಟಿಗೆ ಇಟ್ಟರೆ ತಪ್ಪು ರೀಡಿಂಗ್ ಬರುತ್ತದೆ.

ಎಲ್ಲ ವೋಲ್ಟೇಜ್ ಬಂದ ಮೇಲೆ ಹಿಂಬದಿಯ ಕವರ್ ಹಾಕಿ ಎರಡು ಗಂಟೆ ಓಡಿಸಿ. ಬದಲಿಸಿದ ಪಾರ್ಟುಗಳನ್ನು ಚೀಟಿಯಲ್ಲಿ ಬರೆದು, ಹಳೆಯವನ್ನು ಸಣ್ಣ ಕವರಿನಲ್ಲಿ ಹಾಕಿ ಮನೆಯವರ ಕೈಗೆ ಕೊಡಿ. ಟಿವಿಯನ್ನು ಒಸರುವ ಗೋಡೆಯಿಂದ ಬೇರೆ ಗೋಡೆಗೆ ಬದಲಿಸಲು ಆಗಲೇ ಹೇಳಿ.