ಕ್ಯಾಲಿಫೋರ್ನಿಯಾದಲ್ಲಿ ಮನೆ ಕೆಲಸ: ಕಾಂಟ್ರಾಕ್ಟರ್ ಲೈಸೆನ್ಸ್ ನೋಡುವುದು ಹೇಗೆ?

ಫ್ರೀಮಾಂಟ್, ಸನಿವೇಲ್, ಸ್ಯಾನ್ ಹೊಸೆ ಕಡೆ ಹಳೇ ಮನೆ ತಗೊಂಡ ನಮ್ಮ ಜನ ಅಡುಗೆಮನೆ ಒಡೆದು ಹೊಸದಾಗಿ ಮಾಡಿಸಬೇಕು ಅಂದಾಗ ಮೊದಲು ಕನ್ನಡದವರ ವಾಟ್ಸಾಪ್ ಗ್ರೂಪಿನಲ್ಲಿ ಕೇಳುತ್ತಾರೆ. ಸ್ವಲ್ಪ ಹೊತ್ತಿಗೆ ನಾಲ್ಕು ನಂಬರ್ ಬಂದು ಬೀಳುತ್ತವೆ. ಊರಿನಲ್ಲಿ ಮೇಸ್ತ್ರಿಯನ್ನು ಹುಡುಕುವುದೂ ಹೀಗೇ ಅಲ್ವಾ? ಅವರು ಕಟ್ಟಿದ ಮನೆ ನೋಡುತ್ತೇವೆ, ಆ ಮನೆಯವರನ್ನು ಮಾತಾಡಿಸುತ್ತೇವೆ, ಅಡ್ವಾನ್ಸ್ ಕೊಡುತ್ತೇವೆ. ಪರಿಚಯದವರ ಮಾತು ಕೇಳಿ, ತಪ್ಪೇನಿಲ್ಲ. ಆದರೆ ಅಷ್ಟಕ್ಕೇ ನಿಲ್ಲಿಸಬೇಡಿ. ಕ್ಯಾಲಿಫೋರ್ನಿಯಾದಲ್ಲಿ ಇದನ್ನು ನೋಡಿಕೊಳ್ಳುವುದಕ್ಕೆಂದೇ 1929ರಿಂದ ಒಂದು ಸರ್ಕಾರಿ ಮಂಡಳಿ ಇದೆ. ಹೆಸರು ಕಾಂಟ್ರಾಕ್ಟರ್ಸ್ ಸ್ಟೇಟ್ ಲೈಸೆನ್ಸ್ ಬೋರ್ಡ್, ಎಲ್ಲರೂ ಕರೆಯುವುದು ಸಿಎಸ್‌ಎಲ್‌ಬಿ ಅಂತ. ಅದರ ವೆಬ್‌ಸೈಟಿನಲ್ಲಿ ಯಾವ ಕಾಂಟ್ರಾಕ್ಟರ್ ಲೈಸೆನ್ಸನ್ನು ಬೇಕಾದರೂ ಪುಕ್ಕಟೆಯಾಗಿ ನೋಡಬಹುದು. ತುಂಬಾ ಜನ ನೋಡುತ್ತಾರೆ ಕೂಡ, ಆದರೆ ‘ಆಕ್ಟಿವ್’ ಅನ್ನುವುದು ಕಣ್ಣಿಗೆ ಬಿದ್ದ ಕೂಡಲೇ ಪುಟ ಮುಚ್ಚಿಬಿಡುತ್ತಾರೆ. ಅಸಲಿ ವಿಷಯ ಇರುವುದು ಅದರ ಕೆಳಗೆ.

ಯಾವ ಕೆಲಸಕ್ಕೆ ಲೈಸೆನ್ಸ್ ಬೇಕು?

ಕೂಲಿ, ಸಾಮಾನು ಎರಡೂ ಸೇರಿ 1,000 ಡಾಲರ್ ಮುಟ್ಟಿತು ಅಂದರೆ ಲೈಸೆನ್ಸ್ ಬೇಕೇ ಬೇಕು. 2024ರ ಕೊನೆಯವರೆಗೆ ಈ ಮಿತಿ 500 ಡಾಲರ್ ಇತ್ತು, 2025ರ ಜನವರಿಯಿಂದ ಏರಿತು. ಸಾವಿರದ ಒಳಗಿನ ಕೆಲಸವಾದರೂ ಅದಕ್ಕೆ ಸಿಟಿ ಪರ್ಮಿಟ್ ಬೇಕಿದ್ದರೆ, ಅಥವಾ ಬಂದವರು ಆಳು ಇಟ್ಟು ಮಾಡಿಸುವುದಾದರೆ, ಆಗಲೂ ಬೇಕು. “ಬಿಲ್ಲನ್ನು 900, 900 ಅಂತ ಒಡೆದು ಕೊಡುತ್ತೇನೆ ಬಿಡಿ” ಅಂದರೆ ಒಪ್ಪಬೇಡಿ. ಕಾನೂನು ನೋಡುವುದು ಇಡೀ ಕೆಲಸದ ಮೊತ್ತವನ್ನು.

ಮೊದಲು ನಂಬರ್ ಕೇಳಿ

ಮನೆ ನೋಡಲು ಬಂದವರ ಹತ್ತಿರ ಲೈಸೆನ್ಸ್ ನಂಬರ್ ಕೇಳಿ. ಜೊತೆಗೆ ಬೋರ್ಡ್ ಕೊಟ್ಟಿರುವ ಕಾರ್ಡನ್ನೂ ಫೋಟೋ ಇರುವ ಒಂದು ಗುರುತಿನ ಚೀಟಿಯನ್ನೂ ತೋರಿಸಲು ಹೇಳಿ. ಸ್ನೇಹಿತರು ಕಳಿಸಿದವರ ಹತ್ತಿರ ಇದನ್ನೆಲ್ಲ ಕೇಳಲು ನಮಗೆ ಸಂಕೋಚ. ಸಂಕೋಚ ಪಡಬೇಡಿ, ಜಾಹೀರಾತಿನಲ್ಲೂ ಕಾಂಟ್ರಾಕ್ಟಿನಲ್ಲೂ ಆ ನಂಬರ್ ಹಾಕಬೇಕು ಅಂತ ಕಾನೂನೇ ಹೇಳುತ್ತದೆ, ಹಾಗಾಗಿ ಸರಿಯಾದವರು ಕೇಳಿದ ತಕ್ಷಣ ಕೊಡುತ್ತಾರೆ. “ಆಮೇಲೆ ಕಳಿಸ್ತೀನಿ” ಅಂದು ಮಾತು ತೇಲಿಸಿದರೆ ಬೇರೆಯವರನ್ನು ಹುಡುಕಿ.

ಈಗ ವೆಬ್‌ಸೈಟಿಗೆ ಹೋಗಿ ‘ಚೆಕ್ ಎ ಲೈಸೆನ್ಸ್’ ಒತ್ತಿ. ನಂಬರ್ ಹಾಕಿ ಹುಡುಕಬಹುದು, ಅಂಗಡಿಯ ಹೆಸರಿನಿಂದ ಹುಡುಕಬಹುದು, ವ್ಯಕ್ತಿಯ ಹೆಸರಿನಿಂದಲೂ ಹುಡುಕಬಹುದು. ನಂಬರಿನಿಂದ ಒಂದು ಸಲ, ಹೆಸರಿನಿಂದ ಇನ್ನೊಂದು ಸಲ ನೋಡುವುದು ಒಳ್ಳೆಯದು. ಅದೇ ವ್ಯಕ್ತಿ ಹಿಂದೆ ಬೇರೆ ಹೆಸರಿನಲ್ಲಿ ಲೈಸೆನ್ಸ್ ಇಟ್ಟುಕೊಂಡು ಕಳೆದುಕೊಂಡಿದ್ದರೆ ಅದೂ ಸಿಕ್ಕೀತು.

ಪುಟವನ್ನು ಕೊನೆಯವರೆಗೆ ಓದಿ

ಮೇಲೆ ಹೆಸರು, ವಿಳಾಸ, ಫೋನ್ ನಂಬರ್ ಇರುತ್ತವೆ. ನಿಮ್ಮ ಕೈಯಲ್ಲಿರುವ ವಿಸಿಟಿಂಗ್ ಕಾರ್ಡ್ ಜೊತೆ ತಾಳೆ ನೋಡಿ. ಅದರ ಕೆಳಗೆ ಲೈಸೆನ್ಸ್ ಯಾವಾಗ ಕೊಟ್ಟಿದ್ದು, ಯಾವಾಗ ಮುಗಿಯುತ್ತದೆ ಅಂತ ಇರುತ್ತದೆ. ಆಮೇಲೆ ಬರುವುದೇ ಸ್ಥಿತಿ. ಲೈಸೆನ್ಸ್ ಚಾಲ್ತಿಯಲ್ಲಿದೆ ಅನ್ನುವ ವಾಕ್ಯದ ಬೆನ್ನಿಗೇ, ಕೆಳಗಿರುವ ಎಲ್ಲ ಮಾಹಿತಿಯನ್ನೂ ನೋಡಬೇಕು ಅಂತ ಬೋರ್ಡೇ ಬರೆದಿರುತ್ತದೆ. ಇನ್‌ಆಕ್ಟಿವ್, ಎಕ್ಸ್‌ಪೈರ್ಡ್, ಸಸ್ಪೆಂಡೆಡ್, ರಿವೋಕ್ಡ್ ಇವುಗಳಲ್ಲಿ ಯಾವುದಿದ್ದರೂ ಇವತ್ತು ಅವರು ನಿಮ್ಮ ಕೆಲಸ ಹಿಡಿಯುವ ಹಾಗಿಲ್ಲ. “ರಿನ್ಯೂಗೆ ಹಾಕಿದ್ದೀನಿ, ಬರುತ್ತೆ” ಅಂದರೆ, ಬಂದ ಮೇಲೇ ಸಹಿ ಹಾಕೋಣ ಅನ್ನಿ.

ಮುಂದಿನದು ವರ್ಗ. ಇಲ್ಲಿ ಜನ ಜಾಸ್ತಿ ಎಡವುತ್ತಾರೆ. ‘ಬಿ’ ಅಂದರೆ ಜನರಲ್ ಬಿಲ್ಡಿಂಗ್, ಮನೆ ಕಟ್ಟುವ, ದೊಡ್ಡದಾಗಿ ಮಾರ್ಪಡಿಸುವ ಸಾಮಾನ್ಯ ಕಾಂಟ್ರಾಕ್ಟರ್. ಬರೀ ವೈರಿಂಗ್ ಕೆಲಸವಿದ್ದರೆ ಸಿ-10, ಪ್ಲಂಬಿಂಗಿಗೆ ಸಿ-36, ಛಾವಣಿಗೆ ಸಿ-39, ಎಸಿ ಮತ್ತು ಹೀಟಿಂಗಿಗೆ ಸಿ-20, ಪೇಂಟಿಂಗಿಗೆ ಸಿ-33. ‘ಬಿ’ ಇರುವವರು ಮರದ ಚೌಕಟ್ಟಿನ ಕೆಲಸ ಬಿಟ್ಟು ಕಡೇಪಕ್ಷ ಎರಡು ಬೇರೆ ಬೇರೆ ಬಗೆಯ ಕೆಲಸ ಸೇರಿರುವ ಕಾಂಟ್ರಾಕ್ಟ್ ಹಿಡಿಯಬಹುದು. ಒಂದೇ ಬಗೆಯ ಕೆಲಸವಾದರೆ ಅದರ ‘ಸಿ’ ಲೈಸೆನ್ಸ್ ಅವರಿಗೂ ಇರಬೇಕು, ಇಲ್ಲವೇ ಅದು ಇರುವವರಿಗೆ ಕೆಲಸ ಒಪ್ಪಿಸಬೇಕು. 2021ರಿಂದ ಬಿ-2 ಅಂತ ಇನ್ನೊಂದು ಬಂದಿದೆ, ಇದ್ದ ಮನೆಯನ್ನು ರಿಮಾಡೆಲ್ ಮಾಡುವವರಿಗೆ. ಬಿ-2 ಇರುವವರು ಭಾರ ಹೊರುವ ಗೋಡೆಗೆ ಕೈ ಹಾಕುವಂತಿಲ್ಲ. ಅಡುಗೆಮನೆಗೂ ಹಾಲ್‌ಗೂ ನಡುವಿನ ಗೋಡೆ ತೆಗೆಸಿ ದೊಡ್ಡದು ಮಾಡಿಸುವ ಆಸೆ ನಮ್ಮಲ್ಲಿ ಎಷ್ಟು ಜನಕ್ಕಿಲ್ಲ! ಆ ಗೋಡೆ ಭಾರ ಹೊರುವಂಥದ್ದಾಗಿದ್ದರೆ ಬಿ-2 ಸಾಲದು.

ಬಾಂಡ್ ವಿಷಯವನ್ನು ಬೇಗ ಹೇಳಿಬಿಡುತ್ತೇನೆ. ಬಾಂಡ್ ಅಂದರೆ ಕಾಂಟ್ರಾಕ್ಟರ್ ತಪ್ಪಿನಿಂದ ಯಾರಿಗಾದರೂ ನಷ್ಟವಾದರೆ ಪರಿಹಾರ ಕೊಡಲಿಕ್ಕೆ ಇರುವ ಗ್ಯಾರಂಟಿ. ಪ್ರತಿ ಲೈಸೆನ್ಸಿಗೂ 25,000 ಡಾಲರ್ ಬಾಂಡ್ ಇರಬೇಕು, 2023ಕ್ಕೆ ಮುಂಚೆ ಅದು 15,000 ಇತ್ತು. “ನಾನು ಬಾಂಡೆಡ್” ಅಂತ ಹೇಳಿದರೆ ಧೈರ್ಯವಾಗಿ ಕೂರಬೇಡಿ. ಆ ದುಡ್ಡು ನಿಮ್ಮೊಬ್ಬರಿಗೆ ಮೀಸಲಲ್ಲ, ಅವರಿಂದ ನಷ್ಟವಾದ ಬೇರೆಯವರೂ ಅದರಲ್ಲೇ ಪಾಲು ಕೇಳುತ್ತಾರೆ. ಅಡುಗೆಮನೆ ಒಂದಕ್ಕೇ ಅದಕ್ಕಿಂತ ಜಾಸ್ತಿ ಖರ್ಚಾಗುವ ಊರು ಇದು.

ಅದರ ಕೆಳಗಿನ ವರ್ಕರ್ಸ್ ಕಾಂಪೆನ್ಸೇಶನ್, ಅಂದರೆ ಕೆಲಸ ಮಾಡುವಾಗ ಆಳಿಗೆ ಪೆಟ್ಟಾದರೆ ಖರ್ಚು ಕೊಡುವ ವಿಮೆಯ ಸಾಲನ್ನು ಮಾತ್ರ ಎರಡು ಸಲ ಓದಿ. ಒಂದೋ ಯಾವ ಕಂಪನಿಯ ವಿಮೆ, ಎಲ್ಲಿಯವರೆಗೆ ಅಂತ ಇರುತ್ತದೆ. ಇಲ್ಲವೇ, ತನ್ನ ಹತ್ತಿರ ಸದ್ಯಕ್ಕೆ ಕೆಲಸಗಾರರೇ ಇಲ್ಲ ಅಂತ ಕಾಂಟ್ರಾಕ್ಟರ್ ಬರೆದುಕೊಟ್ಟಿರುವುದರಿಂದ ವಿಮೆಯಿಂದ ವಿನಾಯಿತಿ ಇದೆ ಅಂತ ಇರುತ್ತದೆ. ಈಗ ಯೋಚಿಸಿ: ಬರೆದುಕೊಟ್ಟಿದ್ದು ಆಳಿಲ್ಲ ಅಂತ, ಸೋಮವಾರ ಬೆಳಗ್ಗೆ ವ್ಯಾನಿನಿಂದ ಇಳಿದವರು ನಾಲ್ಕು ಜನ. ಅವರಲ್ಲಿ ಒಬ್ಬರು ಏಣಿಯಿಂದ ಬಿದ್ದರೆ ಆಸ್ಪತ್ರೆ ಖರ್ಚು ಮನೆ ಯಜಮಾನರ ತಲೆಗೇ ಬರಬಹುದು. ಪಾಪ, ಬಿದ್ದ ಆಳಿಗೂ ಹಿಂದೆ ಮುಂದೆ ಯಾರೂ ಇರುವುದಿಲ್ಲ. ವಿನಾಯಿತಿ ಅಂತ ಕಂಡರೆ “ಕೆಲಸಕ್ಕೆ ಯಾರು ಬರುತ್ತಾರೆ, ಅವರು ಯಾರ ಆಳು?” ಅಂತ ಬಾಯಿಬಿಟ್ಟು ಕೇಳಿ. ಛಾವಣಿ, ಕಾಂಕ್ರೀಟ್, ಎಸಿ ಕೆಲಸದವರಿಗಂತೂ ಆಳು ಇರಲಿ, ಬಿಡಲಿ, ಈ ವಿಮೆ ಕಡ್ಡಾಯ. ಬೇರೆಯವರ ಆಸ್ತಿಗೆ ಹಾನಿಯಾದರೆ ಕಟ್ಟಿಕೊಡುವ ಜನರಲ್ ಲಯಬಿಲಿಟಿ ವಿಮೆ ಬೇರೆಯದೇ. ಅದರ ಸರ್ಟಿಫಿಕೇಟ್ ಕೇಳಿ ಪಡೆದು ವಿಮೆ ಕಂಪನಿಗೇ ಫೋನ್ ಮಾಡಿ ನೋಡಿ.

ಕೊನೆಗೆ, ಆ ಲೈಸೆನ್ಸಿನಲ್ಲಿ ಯಾರ ಯಾರ ಹೆಸರಿದೆ ಅನ್ನುವ ಪಟ್ಟಿಯ ಕೊಂಡಿ ಇರುತ್ತದೆ, ಅದನ್ನು ಒತ್ತಿ. ನಿಮ್ಮ ಮನೆಗೆ ಬಂದು ಲೆಕ್ಕ ಹೇಳಿದವರ ಹೆಸರು ಅಲ್ಲಿ ಇಲ್ಲದಿದ್ದರೆ ಅವರು ಕಂಪನಿಯ ಸೇಲ್ಸ್ ವ್ಯಕ್ತಿ ಇರಬಹುದು. ಮನೆಮನೆಗೆ ಬಂದು ಕೆಲಸ ಹಿಡಿಯುವ ಸೇಲ್ಸ್ ಜನರಿಗೂ ಬೋರ್ಡಿನಲ್ಲಿ ಬೇರೆ ನೋಂದಣಿ ಇದೆ, ಅದನ್ನೂ ಅಲ್ಲೇ ಹುಡುಕಬಹುದು. ಅಲ್ಲೂ ಇಲ್ಲ ಅಂದರೆ ಇನ್ನೊಬ್ಬರ ನಂಬರ್ ಹೇಳಿಕೊಂಡು ಬಂದಿದ್ದಾರೋ ಏನೋ. ಪುಟದಲ್ಲಿರುವ ಫೋನ್ ನಂಬರಿಗೆ ಕರೆ ಮಾಡಿ “ಇಂಥವರನ್ನು ನೀವು ಕಳಿಸಿದ್ದೀರಾ?” ಅಂತ ಕೇಳಿಬಿಡಿ.

ದೂರುಗಳ ಬಗ್ಗೆ ಒಂದು ಮಾತು. ಬಂದ ಪ್ರತಿ ದೂರೂ ಪುಟದಲ್ಲಿ ಕಾಣುವುದಿಲ್ಲ, ವಿಚಾರಣೆ ನಡೆದು ಕಾನೂನು ಕ್ರಮದ ಹಂತಕ್ಕೆ ಹೋದವು ಮಾತ್ರ ಕಾಣುತ್ತವೆ. ಹಾಗಾಗಿ ಪುಟ ಸ್ವಚ್ಛವಾಗಿದ್ದರೂ ಹಳೇ ಗಿರಾಕಿಗಳನ್ನು ಮಾತಾಡಿಸಿ.

ದುಡ್ಡು, ಪರ್ಮಿಟ್

ಕೆಲಸ ಶುರುವಾಗುವ ಮುಂಚೆ ಕೇಳಬಹುದಾದ ಅಡ್ವಾನ್ಸ್, ಒಟ್ಟು ಮೊತ್ತದ 10% ಅಥವಾ 1,000 ಡಾಲರ್, ಇವೆರಡರಲ್ಲಿ ಯಾವುದು ಕಡಿಮೆಯೋ ಅದು. 60,000 ಡಾಲರ್ ಕೆಲಸಕ್ಕೂ ಸಾವಿರವೇ. ವಿಶೇಷ ಬಾಂಡ್ ಕಟ್ಟಿರುವ ಕೆಲವರಿಗೆ ಮಾತ್ರ ಇದರಿಂದ ವಿನಾಯಿತಿ ಇದೆ, ಅದೂ ಅದೇ ಪುಟದಲ್ಲಿ ಗೊತ್ತಾಗುತ್ತದೆ. “ಅರ್ಧ ದುಡ್ಡು ಮೊದಲೇ ಕೊಡಿ, ಸಾಮಾನು ತರಬೇಕು” ಅಂದವರಿಗೆ ಈ ನಿಯಮ ನೆನಪಿಸಿ.

“ಪರ್ಮಿಟ್ ನೀವೇ ನಿಮ್ಮ ಹೆಸರಿನಲ್ಲಿ ತಗೊಳ್ಳಿ, ಖರ್ಚು ಉಳಿಯುತ್ತೆ” ಅನ್ನುವವರ ಬಗ್ಗೆ ಹುಷಾರಾಗಿರಿ. ಹಾಗೆ ತಗೊಂಡರೆ ಕಾಗದದ ಮೇಲೆ ಕಾಂಟ್ರಾಕ್ಟರ್ ನೀವೇ ಆಗುತ್ತೀರಿ, ಜವಾಬ್ದಾರಿಯೆಲ್ಲ ನಿಮ್ಮದು. ಲೈಸೆನ್ಸ್ ಸರಿ ಇಲ್ಲದವರೇ ಹೀಗೆ ಕೇಳುವುದು ಜಾಸ್ತಿ.

ಈಗಾಗಲೇ ಲೈಸೆನ್ಸ್ ಇಲ್ಲದವರಿಗೆ ದುಡ್ಡು ಕೊಟ್ಟಾಗಿದ್ದರೆ? ಕೈ ಚೆಲ್ಲಬೇಡಿ. ಲೈಸೆನ್ಸ್ ಬೇಕಾದ ಕೆಲಸವನ್ನು ಲೈಸೆನ್ಸ್ ಇಲ್ಲದೆ ಮಾಡಿದವರು ಬಾಕಿಗಾಗಿ ನಿಮ್ಮ ಮೇಲೆ ಕೋರ್ಟಿಗೆ ಹೋಗುವಂತಿಲ್ಲ. ಕೊಟ್ಟ ಅಷ್ಟೂ ದುಡ್ಡನ್ನು ವಾಪಸ್ ಕೇಳಿ ನೀವು ದಾವೆ ಹೂಡಬಹುದು. ಬೋರ್ಡಿಗೂ ದೂರು ಕೊಡಿ.

ಇನ್ನೊಂದು. ಸಹಿ ಹಾಕುವ ದಿನ ಪುಟವನ್ನು ಮತ್ತೆ ತೆರೆದು ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಿ. ಪ್ರತಿ ದೊಡ್ಡ ಕಂತು ಕೊಡುವ ಮುಂಚೆಯೂ ಒಮ್ಮೆ ನೋಡಿ. ಬಾಂಡ್ ಅಥವಾ ವಿಮೆ ನಡುವೆ ನಿಂತುಹೋದರೆ ಲೈಸೆನ್ಸ್ ಸಸ್ಪೆಂಡ್ ಆಗುತ್ತದೆ, ಅದನ್ನು ಕಾಂಟ್ರಾಕ್ಟರ್ ತಾವಾಗಿ ಬಂದು ನಿಮಗೆ ಹೇಳುತ್ತಾರೆ ಅಂತ ಕಾಯಬೇಡಿ.