ಬಿಸಿಯಾದರೆ ನಿಲ್ಲುತ್ತಿದ್ದ ಕಾರು: ಡಿಸ್ಟ್ರಿಬ್ಯೂಟರ್ ಬಿಚ್ಚಿ ಪಿಕಪ್ ಕಾಯಿಲ್ ಬದಲಿಸಿದ್ದು

ನಂದಿ ಬೆಟ್ಟ ಹತ್ತುವಾಗ ನಮ್ಮ ಹಳೆಯ ಪೆಟ್ರೋಲ್ ಕಾರು ಆಫ್ ಆಗುತ್ತಿತ್ತು. ತಣ್ಣಗಾದರೆ ಮತ್ತೆ ಸ್ಟಾರ್ಟ್. ಚಿಕ್ಕಬಳ್ಳಾಪುರದಲ್ಲಿ ತೋರಿಸಿದಾಗ ಕಾರಿನೊಳಗಿನ ಪೆಟ್ರೋಲ್ ಪಂಪ್ ಬದಲಿಸಿ ಎಂದರು. ಆದರೆ ಗಾಡಿ ನಿಂತಾಗ ಪ್ಲಗ್‌ನಲ್ಲಿ ಕಿಡಿಯೇ ಇರಲಿಲ್ಲ. ಅಂದರೆ ತೊಂದರೆ ಕಿಡಿ ಹುಟ್ಟಿಸುವ ಇಗ್ನಿಷನ್‌ನದ್ದು, ಅಲ್ವಾ?

ಒಂದೊಂದು ಪ್ಲಗ್‌ಗೂ ಕಿಡಿಯ ಕರೆಂಟ್ ಹಂಚುವ ಡಿಸ್ಟ್ರಿಬ್ಯೂಟರ್ ಒಳಗೆ, ಕಿಡಿ ಯಾವಾಗ ಬೇಕೆಂದು ಸಿಗ್ನಲ್ ಕೊಡುವ ಪಿಕಪ್ ಕಾಯಿಲ್ ಇರುತ್ತದೆ. ಅದರ ಎರಡು ವೈರಿಗೆ ಮಲ್ಟಿಮೀಟರ್ ಹಿಡಿದು, ಹೇರ್ ಡ್ರೈಯರ್‌ನಿಂದ ಬಿಸಿ ಮಾಡಿದೆ. ಸರಿಯಾಗಿದ್ದ ಓಮ್ ರೀಡಿಂಗ್ ಬಿಸಿ ಏರಿದಂತೆ ಓಪನ್ ಆಯಿತು, ಅಂದರೆ ಒಳಗಿನ ತಂತಿಯ ಸಂಪರ್ಕ ಕಡಿಯಿತು. ಕಳ್ಳ ಸಿಕ್ಕಿಬಿದ್ದ!

ಬ್ಯಾಟರಿಯ ಮೈನಸ್ ತೆಗೆದೆ. ಡಿಸ್ಟ್ರಿಬ್ಯೂಟರ್ ಒಳಗೆ ತಿರುಗುವ ರೋಟರ್ ಎತ್ತ ನೋಡುತ್ತಿದೆ, ಅದರ ಬಾಡಿ ಎಂಜಿನ್ ಮೇಲೆ ಹೇಗೆ ಕೂತಿದೆ ಎಂದು ಬಿಳಿ ಪೇಂಟ್‌ನಲ್ಲಿ ಗುರುತು ಹಾಕಿದೆ. ಡಿಸ್ಟ್ರಿಬ್ಯೂಟರ್ ಶಾಫ್ಟಿನ ತುದಿಯ ಗೇರ್ ಹಲ್ಲು ಓರೆಯಾಗಿರುವುದರಿಂದ ಎತ್ತುವಾಗ ರೋಟರ್ ಸ್ವಲ್ಪ ತಿರುಗುತ್ತದೆ. ಆ ಜಾಗಕ್ಕೂ ಗುರುತು ಬೇಕು. ಹೊರಗೆ ತೆಗೆದ ಮೇಲೆ ಎಂಜಿನ್ ತಿರುಗಿಸಲೇಬೇಡಿ.

ಕಾಯಿಲ್ ಬಿಚ್ಚಲು ಶಾಫ್ಟ್ ಹೊರಬರಬೇಕು, ಅದಕ್ಕೆ ಗೇರ್ ತೆಗೆಯಬೇಕು. ನಿಜವಾದ ಕಷ್ಟ ಆ ಗೇರನ್ನು ಶಾಫ್ಟಿಗೆ ಹಿಡಿದಿರುವ ರೋಲ್ ಪಿನ್ (ಬಿಗಿಯಾಗಿ ಕೂರುವ ಟೊಳ್ಳು ಪಿನ್) ನದು. ಸುಮ್ನೆ ಸುತ್ತಿಗೆಯಲ್ಲಿ ಹೊಡೆದರೆ ಶಾಫ್ಟ್ ಬಾಗುತ್ತದೆ. ರಾತ್ರಿಯಿಡೀ ಎಣ್ಣೆಯಲ್ಲಿ ನೆನೆಸಿ, ಶಾಫ್ಟಿನ ಕೆಳಗೆ ಮರದ ತುಂಡಿನ ಆಸರೆ ಕೊಟ್ಟು, ಸರಿಯಾದ ಅಳತೆಯ ಪಂಚ್‌ನಿಂದ ನಿಧಾನವಾಗಿ ತಟ್ಟಿದೆ. ಗೇರ್‌ಗೂ ಶಾಫ್ಟಿಗೂ ಮೊದಲೇ ಗುರುತು ಹಾಕಿದ್ದೆ. ಗೇರ್ ಅರ್ಧ ಸುತ್ತು ತಿರುಗಿದ್ದರೂ ಪಿನ್ ಕೂತುಬಿಡುತ್ತದೆ, ಕಿಡಿ ಹಾರುವ ಟೈಮಿಂಗ್ ಮಾತ್ರ ಕೆಡಬಹುದು.

ಕಾಯಿಲ್‌ಗೆ ಇರುವುದು ಎರಡೇ ಸ್ಕ್ರೂ. ಹೊಸದನ್ನು ಕೂರಿಸಿ, ಅದಕ್ಕೂ ತಿರುಗುವ ಹಲ್ಲಿನ ಚಕ್ರಕ್ಕೂ ನಡುವಿನ ಗ್ಯಾಪ್ ಅನ್ನು ಹಿತ್ತಾಳೆಯ ಫೀಲರ್ ಗೇಜ್ ಎಂಬ ತೆಳು ಅಳತೆಪಟ್ಟಿಯಿಂದ ನೋಡಿದೆ. ಉಕ್ಕಿನದು ಕಾಯಿಲ್ ಜೊತೆಗಿರುವ ಆಯಸ್ಕಾಂತಕ್ಕೆ ಅಂಟಿ ಅಳತೆ ತಪ್ಪುತ್ತದೆ. ಪಿನ್, ಎಣ್ಣೆ ಸೋರದಂತೆ ತಡೆಯುವ ರಬ್ಬರ್ ಓ ರಿಂಗ್ ಎರಡೂ ಹೊಸದು ಹಾಕಿದೆ. ಕೊನೆಗೆ ಕಿಡಿಗೆ ತಕ್ಕಂತೆ ಮಿನುಗುವ ಟೈಮಿಂಗ್ ಲೈಟ್ ಹಿಡಿದು ಸೆಟ್ ಮಾಡಿ ಬೋಲ್ಟ್ ಬಿಗಿ ಮಾಡಿದೆ. ಈಗ ಬಿಸಿಲಲ್ಲೂ ಕಾರು ನಿಲ್ಲುತ್ತಿಲ್ಲ.