ಸಾಕಿದ ಇಗುವಾನಾ, ಹಾವಿನ ಕ್ಲೋಸ್‌ಅಪ್‌ಗೆ ಯಾವ ಕ್ಯಾಮೆರಾ? ಮೊದಲು ಗೇಣು ಹಾಕಿ ನೋಡಿ

ಇಗುವಾನಾ ಎಂಬ ದೊಡ್ಡ ಹಲ್ಲಿಯ ಕಿವಿಯ ಕೆಳಗೆ, ಕೆನ್ನೆಯ ಮೇಲೆ, ದೊಡ್ಡದೊಂದು ದುಂಡನೆಯ ಹುರುಪೆ ಇರುತ್ತದೆ. ಬೆಳಕು ಓರೆಯಾಗಿ ಬಿದ್ದರೆ ಅದು ಮುತ್ತಿನ ಹಾಗೆ ಹೊಳೆಯುತ್ತದೆ. ಇಗುವಾನಾದ ನೆತ್ತಿಯಲ್ಲಿ ಬೆಳಕು-ನೆರಳನ್ನು ಗುರುತಿಸುವ ಪುಟ್ಟ ಚುಕ್ಕೆಯೂ ಇದೆ, ಅದನ್ನು ಮೂರನೇ ಕಣ್ಣು ಅಂತಲೇ ಕರೆಯುತ್ತಾರೆ. ಬಾಲ್ ಪೈಥಾನ್ ಹಾವು ಸಾಕಿದವರು ಅದರ ಮೇಲ್ದುಟಿಯ ಉದ್ದಕ್ಕೂ ಸಾಲಾಗಿರುವ ಸಣ್ಣ ಕುಳಿಗಳನ್ನು ನೋಡಿರುತ್ತೀರಿ. ಬೇಟೆಯ ಮೈಬಿಸಿ ಅದಕ್ಕೆ ಗೊತ್ತಾಗುವುದು ಅವುಗಳಿಂದಲೇ. ಇವನ್ನೆಲ್ಲ ಫೋನಿನಲ್ಲಿ ತೆಗೆಯಲು ಹೋದರೆ ಒಂದೋ ಚಿತ್ರ ಮಸುಕು, ಇಲ್ಲವೇ ಫೋನಿನ ನೆರಳೇ ಪ್ರಾಣಿಯ ಮೇಲೆ.

ಆಗ ಕ್ಯಾಮೆರಾ ಕೊಳ್ಳುವ ಯೋಚನೆ ಬರುತ್ತದೆ. ಅಂಗಡಿಯಲ್ಲಿ ಮೆಗಾಪಿಕ್ಸೆಲ್ ಮಾತು ಶುರುವಾಗುತ್ತದೆ. ಅದನ್ನು ಪಕ್ಕಕ್ಕಿಡಿ. 8×10 ಇಂಚಿನ ಅಚ್ಚುಕಟ್ಟಾದ ಪ್ರಿಂಟ್‌ಗೆ ಸುಮಾರು 7 ಮೆಗಾಪಿಕ್ಸೆಲ್ ಸಾಕು. ಹತ್ತು ವರ್ಷ ಹಳೆಯ ಕ್ಯಾಮೆರಾದಲ್ಲೂ ಅದಕ್ಕಿಂತ ಜಾಸ್ತಿಯೇ ಇದೆ. ನಿಜವಾಗಿ ಕೇಳಬೇಕಾದ ಪ್ರಶ್ನೆ ಬೇರೆ: ನಿಮ್ಮ ಪ್ರಾಣಿ ನಿಮ್ಮನ್ನು ಎಷ್ಟು ಹತ್ತಿರ ಬಿಟ್ಟುಕೊಳ್ಳುತ್ತದೆ?

ಹೆಜ್ಜೆ 1: ಪ್ರಾಣಿ ಒಪ್ಪುವ ದೂರ ತಿಳಿದುಕೊಳ್ಳಿ

ಖರ್ಚಿಲ್ಲದ ಪರೀಕ್ಷೆ ಇದು. ಕ್ಯಾಮೆರಾದಷ್ಟು ದೊಡ್ಡ ಕಪ್ಪು ಡಬ್ಬಿ ಹಿಡಿದು ನಿಧಾನವಾಗಿ ಪ್ರಾಣಿಯ ಕಡೆ ಸರಿಯಿರಿ. ಮೇಲಿನಿಂದ ಬೇಡ, ಅದರ ಕಣ್ಣಿನ ಮಟ್ಟದಲ್ಲೇ ಹೋಗಿ. ಮೇಲಿನಿಂದ ಬರುವುದೆಲ್ಲ ಅದರ ಲೆಕ್ಕದಲ್ಲಿ ಹದ್ದು. ಇಗುವಾನಾ ಗಂಟಲ ಕೆಳಗಿನ ಜೋಲು ತೊಗಲನ್ನು ಹರಡಿದರೆ, ಹಲ್ಲಿ ಜಾತಿಯ ಬಿಯರ್ಡೆಡ್ ಡ್ರ್ಯಾಗನ್‌ನ ಗಡ್ಡ ಕಪ್ಪಗಾದರೆ, ಬಾಲ್ ಪೈಥಾನ್ ತಲೆಯನ್ನು ಒಳಗಿಟ್ಟುಕೊಂಡು ಉಂಡೆಯಾದರೆ, ಅಲ್ಲಿಗೆ ನಿಲ್ಲಿಸಿ. ಅಲ್ಲಿಂದ ಪ್ರಾಣಿಗೆ ಎಷ್ಟು ದೂರ? ಅರ್ಧ ಗೇಣೋ, ಒಂದು ಗೇಣೋ, ಮೊಳವೋ? ನಿಮ್ಮ ಲೆನ್ಸ್ ಅದಕ್ಕಿಂತ ಹಿಂದೆಯೇ ನಿಂತು ಕೆಲಸ ಮಾಡುವಂತಿರಬೇಕು.

ಇಲ್ಲಿ ಕಾನೂನಿನ ಮಾತೊಂದನ್ನು ಹೇಳಲೇಬೇಕು. ನಕ್ಷತ್ರ ಆಮೆ, ಉಡ, ಊಸರವಳ್ಳಿಯಂಥ ನಮ್ಮ ನಾಡಿನ ಜೀವಿಗಳನ್ನು ಮನೆಯಲ್ಲಿ ಸಾಕುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧ. ಇಗುವಾನಾ, ಬಾಲ್ ಪೈಥಾನ್ ಹೊರದೇಶದವು. ಆದರೂ ವನ್ಯಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರವನ್ನು ನಿಯಂತ್ರಿಸುವ ಸೈಟಿಸ್ ಒಪ್ಪಂದದ ಪಟ್ಟಿಯಲ್ಲಿವೆ. 2024ರ ನಿಯಮದಂತೆ ಅವನ್ನು ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಾಯಿಸಬೇಕು. ಕ್ಯಾಮೆರಾಕ್ಕೆ ದುಡ್ಡು ಹಾಕುವ ಮೊದಲು ಈ ಕಾಗದಪತ್ರ ಸರಿ ಇದೆಯಾ ನೋಡಿಕೊಳ್ಳಿ.

ಹೆಜ್ಜೆ 2: ಚೌಕಟ್ಟಿನಲ್ಲಿ ಎಷ್ಟು ಮಿಲಿಮೀಟರ್ ಬೇಕು?

ಜಾಹೀರಾತಿನಲ್ಲಿ 'ಮ್ಯಾಕ್ರೊ' ಅಂತ ಎಲ್ಲದಕ್ಕೂ ಬರೆದಿರುತ್ತಾರೆ. ಶಾಲೆಯ ಸ್ಕೇಲ್ ಇಟ್ಟು ಫೋಟೊ ತೆಗೆದರೆ ನಿಜ ಗೊತ್ತಾಗುತ್ತದೆ. ಆರಂಭಿಕರ, ಲೆನ್ಸ್ ಬದಲಿಸಬಹುದಾದ ಡಿಎಸ್‌ಎಲ್‌ಆರ್‌ಗಳ ಸೆನ್ಸರ್ (ಚಿತ್ರ ಹಿಡಿಯುವ ಚಿಪ್) ಸುಮಾರು 22-23 ಮಿಲಿಮೀಟರ್ ಅಗಲ. ಫೋಟೊದ ಈ ಅಂಚಿನಿಂದ ಆ ಅಂಚಿಗೆ ಸ್ಕೇಲಿನ ಅಷ್ಟೇ ಮಿಲಿಮೀಟರ್ ಕಂಡರೆ ಅದು ಒಂದಕ್ಕೊಂದು, ಅಂದರೆ ನಿಜವಾದ ಮ್ಯಾಕ್ರೊ.

ಆದರೆ ಅಷ್ಟು ಬೇಕೇ ಬೇಕಾ? ದೊಡ್ಡ ಇಗುವಾನಾದ ಇಡೀ ತಲೆ ತುಂಬಿಸಲು 70-80 ಮಿಲಿಮೀಟರ್ ಚೌಕಟ್ಟು ಸಾಕು. ಕ್ಯಾನನ್‌ನ 55-250 ಎಸ್‌ಟಿಎಂ ಲೆನ್ಸ್ 85 ಸೆಂಟಿಮೀಟರ್ ದೂರದಿಂದಲೇ ಅಷ್ಟನ್ನು ತುಂಬಿಸುತ್ತದೆ, ಬೇರೇನೂ ಜೋಡಿಸಬೇಕಿಲ್ಲ. (ಈ ದೂರವನ್ನು ಲೆನ್ಸಿನ ಮೂತಿಯಿಂದಲ್ಲ, ಕ್ಯಾಮೆರಾದೊಳಗಿನ ಸೆನ್ಸರ್‌ನಿಂದ ಅಳೆಯುತ್ತಾರೆ. ಬಾಡಿಯ, ಅಂದರೆ ಲೆನ್ಸ್ ಬಿಟ್ಟು ಉಳಿದ ಕ್ಯಾಮೆರಾದ, ಮೇಲೆ ಗೆರೆ ಹಾಯ್ದ ಸಣ್ಣ ವೃತ್ತದ ಗುರುತು ಇರುತ್ತದಲ್ಲ, ಅಲ್ಲಿಂದ.) ಕಣ್ಣಿನ ಪಾಪೆಯ ಅಂಚು, ಒಂದೊಂದೇ ಹುರುಪೆ, ಮೇಲ್ದುಟಿಯ ಕುಳಿ ಬೇಕೆನ್ನುವವರಿಗೆ ಮಾತ್ರ ಮುಂದಿನ ಖರ್ಚು.

ಹೆಜ್ಜೆ 3: ಸಾಮಾನು ಆರಿಸುವುದು

ಫೋನ್: ಅಗ್ಗದ ಫೋನುಗಳ 2 ಮೆಗಾಪಿಕ್ಸೆಲ್ ಮ್ಯಾಕ್ರೊ ಕಣ್ಣನ್ನು ಮರೆತುಬಿಡಿ. ದುಬಾರಿ ಫೋನುಗಳ ಮ್ಯಾಕ್ರೊ ಚೆನ್ನಾಗಿದೆ, ಆದರೆ ಎರಡು-ಮೂರು ಸೆಂಟಿಮೀಟರ್ ಹತ್ತಿರ ಹೋಗಬೇಕು. ಫೋನು ಬೆಳಕಿಗೆ ಅಡ್ಡವಾಗುತ್ತದೆ, ಪ್ರಾಣಿಯೂ ಸರಿದುಹೋಗುತ್ತದೆ. ಫೋನಿನಲ್ಲಿ 2ಎಕ್ಸ್ ಅಥವಾ 3ಎಕ್ಸ್ ಟೆಲಿಫೋಟೊ ಇದ್ದರೆ ಸ್ವಲ್ಪ ದೂರದಿಂದ ಅದರಲ್ಲಿ ತೆಗೆದು ಕತ್ತರಿಸಿಕೊಳ್ಳುವುದು ಮೇಲು.

ಒಲಿಂಪಸ್ ಟಫ್ (ಟಿಜಿ-5, ಟಿಜಿ-6): ಜೇಬಿಗೆ ಹಿಡಿಯುವ ಗಟ್ಟಿಮುಟ್ಟಾದ ಕ್ಯಾಮೆರಾ. ಇದರ ಮೈಕ್ರೊಸ್ಕೋಪ್ ಮೋಡ್ ಲೆನ್ಸಿನಿಂದ ಒಂದು ಸೆಂಟಿಮೀಟರ್ ದೂರದಲ್ಲೂ ಫೋಕಸ್ ಮಾಡುತ್ತದೆ. ಕೈಮೇಲೆ ಆರಾಮಾಗಿ ಮಲಗುವ, ತುಂಬ ಪಳಗಿದ ಪ್ರಾಣಿ ಇದ್ದವರಿಗೆ ಒಳ್ಳೆಯದು. ಪಳಗದ ಪ್ರಾಣಿಗೆ ಒಂದು ಸೆಂಟಿಮೀಟರ್ ಅಂದರೆ ಹಿಂಸೆ.

ಹಳೆ ಡಿಎಸ್‌ಎಲ್‌ಆರ್, ಜೊತೆಗೆ 55-250: ನನ್ನ ಆಯ್ಕೆ ಇದು. ಸೆಕೆಂಡ್ ಹ್ಯಾಂಡ್ ಬಾಡಿ, ಅದಕ್ಕೆ 55-250 ಅಥವಾ 55-200 ಝೂಮ್, ಅದರ ಮೂತಿಗೆ ಕ್ಲಿಪ್ ಹಾಗೆ ಕೂರುವ ಕ್ಲೋಸ್‌ಅಪ್ ಲೆನ್ಸ್. ರೇನಾಕ್ಸ್ ಕಂಪನಿಯ ಡಿಸಿಆರ್-150 ಮತ್ತು ಡಿಸಿಆರ್-250 ಬಹಳ ಜನ ಬಳಸುವ ಎರಡು ಮಾದರಿಗಳು. 52ರಿಂದ 67 ಮಿಲಿಮೀಟರ್ ಫಿಲ್ಟರ್ ಅಳತೆಯ ಲೆನ್ಸುಗಳಿಗೆಲ್ಲ ಕೂರುತ್ತವೆ. ಡಿಸಿಆರ್-150ರ ಪವರ್ 4.8 ಡಯಾಪ್ಟರ್ (ಕನ್ನಡಕದ ಪವರ್ ಅಳೆಯುವುದೂ ಇದರಲ್ಲೇ). ಅಂದರೆ ಝೂಮ್ ಲೆನ್ಸಿನ ಫೋಕಸ್ ಅನ್ನು ಇನ್ಫಿನಿಟಿಗೆ, ಅಂದರೆ ಅತಿ ದೂರಕ್ಕೆ, ಇಟ್ಟಾಗ ಅದು ಸುಮಾರು 20 ಸೆಂಟಿಮೀಟರ್ ದೂರದಿಂದ ಫೋಕಸ್ ಮಾಡುತ್ತದೆ, ಒಂದು ಗೇಣು. 250 ಎಂಎಂ ಝೂಮ್‌ನಲ್ಲಿ ಒಂದಕ್ಕೊಂದಕ್ಕಿಂತ ತುಸು ಹೆಚ್ಚೇ ಸಿಗುತ್ತದೆ. ಡಿಸಿಆರ್-250ರದ್ದು 8 ಡಯಾಪ್ಟರ್. ದೊಡ್ಡದಾಗಿ ಕಾಣುತ್ತದೆ, ಆದರೆ ದೂರ 12 ಸೆಂಟಿಮೀಟರ್‌ಗೆ ಇಳಿಯುತ್ತದೆ. ಹೆಸರಿನಲ್ಲಿ ದೊಡ್ಡ ಸಂಖ್ಯೆ ಇದೆ ಅಂತ 250 ತರಬೇಡಿ. ಸರೀಸೃಪಕ್ಕೆ 150 ಸರಿ. ಈ ಗೇಣು ದೂರದಲ್ಲಿ ಪ್ರಾಣಿಯೂ ನೆಮ್ಮದಿಯಾಗಿರುತ್ತದೆ, ಬೆಳಕಿಗೂ ಜಾಗ ಉಳಿಯುತ್ತದೆ.

ಎಕ್ಸ್‌ಟೆನ್ಷನ್ ಟ್ಯೂಬ್, ಅಂದರೆ ಬಾಡಿಗೂ ಲೆನ್ಸಿಗೂ ನಡುವೆ ಕೂರಿಸುವ ಟೊಳ್ಳು ಕೊಳವೆ, ಇನ್ನೂ ಅಗ್ಗ. ತೆಗೆದುಕೊಳ್ಳುವುದಾದರೆ ಒಳಗೆ ಚಿನ್ನದ ಬಣ್ಣದ ಎಲೆಕ್ಟ್ರಿಕ್ ಪಿನ್ನುಗಳಿರುವುದನ್ನೇ ತೆಗೆದುಕೊಳ್ಳಿ. ಪಿನ್ ಇಲ್ಲದಿದ್ದರೆ ಈಗಿನ ಲೆನ್ಸುಗಳಲ್ಲಿ ಅಪರ್ಚರ್ (ಬೆಳಕು ಒಳಬರುವ ಕಿಂಡಿಯ ಅಳತೆ) ಬದಲಿಸಲು ಆಗುವುದಿಲ್ಲ.

ಪ್ರತ್ಯೇಕ ಮ್ಯಾಕ್ರೊ ಲೆನ್ಸ್ ಕೊಳ್ಳುವ ಶಕ್ತಿ ಇದ್ದರೆ 85, 90 ಅಥವಾ 100 ಎಂಎಂ ಹುಡುಕಿ. ನಿಕಾನ್‌ನ 40 ಎಂಎಂ ಮ್ಯಾಕ್ರೊ ಅಗ್ಗವಾಗಿ ಸಿಗುತ್ತದೆ, ಚಿತ್ರವೂ ಚೊಕ್ಕ. ಆದರೆ ಒಂದಕ್ಕೊಂದು ಬೇಕಾದಾಗ ಅದರ ಮೂತಿ ಪ್ರಾಣಿಯ ಮೂಗಿಗೇ ಬಂದು ನಿಲ್ಲುತ್ತದೆ. ಇನ್ನೊಂದು ವಿಷಯ: ನಿಕಾನ್‌ನ ಡಿ3000, ಡಿ5000 ಸಾಲಿನ ಬಾಡಿಗಳೊಳಗೆ ಫೋಕಸ್ ಮೋಟಾರ್ ಇಲ್ಲ. ತನ್ನೊಳಗೂ ಮೋಟಾರ್ ಇಲ್ಲದ ಹಳೆಯ ಎಎಫ್-ಡಿ ಲೆನ್ಸ್ ಹಾಕಿದರೆ ಕೈಯಿಂದಲೇ ಫೋಕಸ್ ಮಾಡಬೇಕು. ಇಷ್ಟು ಹತ್ತಿರದಲ್ಲಿ ಹೇಗೂ ಬಹಳ ಜನ ಹಾಗೇ ಮಾಡುತ್ತಾರೆ: ಫೋಕಸ್ ಒಂದೆಡೆ ನಿಲ್ಲಿಸಿ, ಮೈಯನ್ನೇ ಕೂದಲೆಳೆಯಷ್ಟು ಹಿಂದೆ ಮುಂದೆ ಮಾಡಿ, ಪ್ರಾಣಿಯ ಕಣ್ಣು ಸ್ಪಷ್ಟವಾಗಿ ಕಂಡ ಗಳಿಗೆಗೆ ಕ್ಲಿಕ್.

ಹೆಜ್ಜೆ 4: ಬೆಳಕಿಗೂ ದುಡ್ಡು ಉಳಿಸಿ

ಪೂರ್ತಿ ಬಜೆಟ್ಟನ್ನು ಕ್ಯಾಮೆರಾ ಬಾಡಿಯ ಮೇಲೇ ಸುರಿಯುವವರು ಜಾಸ್ತಿ. ಅರ್ಧವನ್ನು ಬಾಡಿಯ ಪಾಲಿಗೆ ಇಡಿ, ಉಳಿದರ್ಧವನ್ನು ಲೆನ್ಸಿಗೂ ಬೆಳಕಿಗೂ ಹಂಚಿ. ಕಾರಣ ಇಷ್ಟೆ: ಒಂದಕ್ಕೊಂದು ಅಳತೆಯಲ್ಲಿ ಅಪರ್ಚರ್ ಅನ್ನು ಎಫ್/11ರಷ್ಟು ಕಿರಿದಾಗಿ ಇಟ್ಟರೂ ಸ್ಪಷ್ಟವಾಗಿ ಕಾಣುವ ಪದರ ಒಂದು ಮಿಲಿಮೀಟರ್‌ಗಿಂತ ಕಡಿಮೆ. ಅಪರ್ಚರ್ ಇನ್ನೂ ಕಿರಿದು ಮಾಡುತ್ತಾ ಹೋದರೆ ಚಿತ್ರವೇ ತುಸು ಮಸುಕಾಗುತ್ತದೆ. ಹಾಗಾಗಿ ಎಫ್/8ರಿಂದ ಎಫ್/11ರಲ್ಲೇ ಇರಬೇಕು, ಮನೆಯೊಳಗೆ ಅದಕ್ಕೆ ಬೆಳಕು ಸಾಲುವುದಿಲ್ಲ.

ಅಗ್ಗದ ಮ್ಯಾನ್ಯುವಲ್ (ಬೆಳಕಿನ ಪ್ರಮಾಣವನ್ನು ಕೈಯಿಂದಲೇ ಹೊಂದಿಸುವ) ಫ್ಲ್ಯಾಶ್ ಸಾಕು. ಅದನ್ನು ಬೆತ್ತಲೆ ಬಿಡಬೇಡಿ. ಎರಡು ಪದರ ಬಟರ್ ಪೇಪರ್ ಅಡ್ಡ ಕಟ್ಟಿ, ಎದುರು ಬದಿಗೆ ಬಿಳಿ ಥರ್ಮೊಕೋಲ್ ತುಂಡು ನಿಲ್ಲಿಸಿ. ಹುರುಪೆಗಳ ಮೇಲಿನ ಸುಡುಬಿಳಿ ಚುಕ್ಕೆಗಳು ಹೋಗಿ ಬಣ್ಣ ಎದ್ದು ಬರುತ್ತದೆ. ಕೊಳ್ಳುವ ಮೊದಲು ಬಾಡಿಯ ಹಾಟ್ ಶೂ, ಅಂದರೆ ಮೇಲೆ ಫ್ಲ್ಯಾಶ್ ಕೂರಿಸುವ ಜಾಗ, ನೋಡಿ. ಕ್ಯಾನನ್ 200ಡಿ ಮಾರ್ಕ್ 2ರಂಥ ಕೆಲವು ಮಾದರಿಗಳಲ್ಲಿ ನಡುವಿನ ಪಿನ್ನೇ ಇಲ್ಲ, ಸಾಮಾನ್ಯ ಮ್ಯಾನ್ಯುವಲ್ ಫ್ಲ್ಯಾಶ್ ಅದರ ಮೇಲೆ ಬೆಳಗುವುದಿಲ್ಲ.

ರಾತ್ರಿ ಓಡಾಡುವ ಗೆಕ್ಕೊ ಹಲ್ಲಿ, ಹಾವುಗಳಿಗೆ ಫ್ಲ್ಯಾಶ್ ಬೇಡ ಅನ್ನುವುದು ನನ್ನ ನಿಲುವು. ಬಾಲ್ ಪೈಥಾನ್‌ಗೆ ಮುಚ್ಚಿಕೊಳ್ಳಲು ರೆಪ್ಪೆಯೇ ಇಲ್ಲ. ಹಗಲು ಕಿಟಕಿಯ ಪಕ್ಕದ ಮೆತ್ತನೆ ಬೆಳಕು, ಒಂದು ಸಣ್ಣ ಟ್ರೈಪಾಡ್, ಸ್ವಲ್ಪ ಹೆಚ್ಚಿನ, ಅಂದರೆ ಕಡಿಮೆ ಬೆಳಕಿಗೆ ಹೊಂದುವ, ಐಎಸ್‌ಒ ಸಾಕು. ಪ್ರಾಣಿ ಸುಮ್ನೆ ಇರುವ ಹೊತ್ತು ನೋಡಿ ತೆಗೆಯಿರಿ. ಪೊರೆ ಬಿಡುವ ಮುಂಚೆ ಕಣ್ಣು ಹಾಲುನೀಲಿಯಾಗಿ ಹಾವಿಗೆ ಸರಿಯಾಗಿ ಕಾಣುವುದಿಲ್ಲ, ಆ ದಿನಗಳಲ್ಲಿ ಅದನ್ನು ಮುಟ್ಟಲೇಬೇಡಿ. ಗಾಜಿನ ಹೊರಗಿನಿಂದ ತೆಗೆಯುವಾಗ ಗಾಜು ಒರೆಸಿ, ಲೆನ್ಸನ್ನು ಅದಕ್ಕೆ ನೇರವಾಗಿ ಒತ್ತಿಹಿಡಿದು, ಸುತ್ತ ಕಪ್ಪು ಬಟ್ಟೆ ಹಿಡಿಯಿರಿ.

ಅಲುಗಾಡದಿರಲಿ ಅಂತ ಪ್ರಾಣಿಯನ್ನು ಫ್ರಿಜ್‌ನಲ್ಲಿಟ್ಟು ತೆಗೆಯುವ ಕ್ರೂರ ಉಪಾಯವೂ ಚಾಲ್ತಿಯಲ್ಲಿದೆ. ಯಾರು ಹೇಳಿದರೂ ಮಾಡಬೇಡಿ. ಹೊರಗಿನ ಬಿಸಿಯನ್ನೇ ನಂಬಿರುವ ಮೈ ಅದು, ಹಾಗೆ ಮಾಡಿದರೆ ಪ್ರಾಣಕ್ಕೇ ಕುತ್ತು. ಅಭ್ಯಾಸ ಬೇಕಿದ್ದರೆ ಬೇಲಿಯ ಮೇಲೆ ಬಿಸಿಲು ಕಾಯಿಸುವ ಓತಿಕ್ಯಾತ ಇದೆಯಲ್ವಾ, ದೂರದಿಂದ ಅದರ ಫೋಟೊ ತೆಗೆಯುತ್ತ ಕೈ ಪಳಗಿಸಿಕೊಳ್ಳಿ.

ಹೆಜ್ಜೆ 5: ಸೆಕೆಂಡ್ ಹ್ಯಾಂಡ್ ಕೊಳ್ಳುವಾಗ

ಲೆನ್ಸಿನ ಎರಡೂ ಮುಚ್ಚಳ ತೆಗೆದು ಹಿಂದಿನಿಂದ ಮೊಬೈಲ್ ಟಾರ್ಚ್ ಬಿಡಿ. ಜೇಡರ ಬಲೆಯಂಥ ಎಳೆಗಳು ಕಂಡರೆ ಅದು ಫಂಗಸ್, ಎಷ್ಟೇ ಕಡಿಮೆಗೆ ಕೊಟ್ಟರೂ ಬೇಡ. ಮಲೆನಾಡು, ಕರಾವಳಿಯಲ್ಲಿ ಮಳೆಗಾಲ ಕಳೆದ ಲೆನ್ಸುಗಳಲ್ಲಿ ಇದು ಸಾಮಾನ್ಯ. ಬಾಡಿಯ ಶಟರ್ ಕೌಂಟ್, ಅಂದರೆ ಈವರೆಗೆ ಎಷ್ಟು ಫೋಟೊ ತೆಗೆದಿದೆ ಅನ್ನುವ ಲೆಕ್ಕ, ಕೇಳಿ. ಬಿಳಿ ಗೋಡೆಯನ್ನು ಎಫ್/16ರಲ್ಲಿ ತೆಗೆದು ದೊಡ್ಡದು ಮಾಡಿ ನೋಡಿದರೆ ಸೆನ್ಸರ್ ಮೇಲಿನ ದೂಳು ಕಾಣುತ್ತದೆ. ಹೋಗುವಾಗ ಸ್ಕೇಲ್ ಜೇಬಿನಲ್ಲಿರಲಿ. ಅಂಗಡಿಯಲ್ಲೇ ಅದರ ಫೋಟೊ ತೆಗೆದು ಮಿಲಿಮೀಟರ್ ಎಣಿಸಿ, ಲೆನ್ಸಿನ ಮೂತಿಯಿಂದ ಸ್ಕೇಲಿಗೆ ಗೇಣು ಹಾಕಿ ನೋಡಿ, ಆಮೇಲೆ ದರ ಮಾತಾಡಿ.

ತಂದ ಮೇಲೆ ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ಇಡಿ. ಸರೀಸೃಪಗಳ ಮೈಮೇಲೆ ಸಾಲ್ಮೊನೆಲ್ಲಾ ಇರಬಹುದು. ಅದಕ್ಕೇ ಫೋಟೊ ತೆಗೆದಾದ ಮೇಲೆ ಮೊದಲು ಸೋಪು ಹಾಕಿ ಕೈ ತೊಳೆಯಿರಿ, ಕ್ಯಾಮೆರಾದ ಹಿಡಿಯನ್ನೂ ಒರೆಸಿ, ಆಮೇಲೆ ಮನೆಯ ಮಕ್ಕಳ ಕೈಗೆ ಫೋಟೊ ನೋಡಲು ಕೊಡಿ.